ಆಷಾಢದ ಮೊಲದ ಸಾರು

ಮದುವೆಯಾದ ವರ್ಷ ನಾನು ಬೇಟೆಗಾರನಾದೆ. ಆಷಾಢದಲ್ಲಿ ಆದವನು ಶ್ರಾವಣದ ಹೊತ್ತಿಗೆ ಬಿಟ್ಟೂ ಬಿಟ್ಟೆ.

ಅರವತ್ತರ ದಶಕದ ಶುರುವಿನ ಮಾತು. ಮನೆ ಯಡಿಯೂರಿನಲ್ಲಿ, ಗುಮಾಸ್ತೆ ಕೆಲಸ ಜಯನಗರದ ಒಂದು ಆಫೀಸಿನಲ್ಲಿ. ಹೆಂಡತಿಯ ತವರು ಉತ್ತರಹಳ್ಳಿ. ನಮ್ಮಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಮತ್ತು ಅಳಿಯ ಒಂದೇ ಹೊಸ್ತಿಲು ದಾಟಬಾರದು. ಹೀಗಾಗಿ ಹೆಂಡತಿ ಸೈಕಲ್ ತುಳಿದರೆ ಸಿಗುವಷ್ಟು ಹತ್ತಿರ ಇದ್ದಳು, ನಾನು ಮಾತ್ರ ಯಡಿಯೂರು ಕೆರೆ ಏರಿಯ ಮೇಲೆ ಕೂತು ನೀರಿಗೆ ಕಲ್ಲು ಎಸೆಯುತ್ತಿದ್ದೆ. ಅವಳನ್ನು ಒಮ್ಮೆ ನೋಡದಿದ್ದರೆ ಆ ತಿಂಗಳು ಕಳೆಯುವುದಿಲ್ಲ ಅನ್ನಿಸಿಬಿಟ್ಟಿತ್ತು. ಹಾಗಂತ ಹೇಳಿಕೊಳ್ಳಲು ನಾಚಿಕೆ.

ಮಾವನವರು ಭಾನುವಾರಗಳಲ್ಲಿ ನಾಲ್ಕಾರು ಜನರನ್ನು ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುತ್ತಾರೆಂದು ಕೇಳಿದ್ದೆ. ಬೇಟೆಯ ಮಾಂಸವನ್ನು ಅವರ ಮನೆಯ ಒಳಗಿನ ಒಲೆಗೆ ಏರಿಸುವ ಪದ್ಧತಿ ಇರಲಿಲ್ಲ. ಹೊಲದ ಬಾವಿಯ ಹತ್ತಿರ ಮೂರು ಕಲ್ಲು ಹೂಡಿ, ಮಣ್ಣಿನ ಮಡಕೆಯಲ್ಲಿ ಗಂಡಸರೇ ಬೇಯಿಸಬೇಕು. ಖಾರ ಅರೆಯುವುದು, ಮುದ್ದೆ ಕಟ್ಟುವುದು ಮಾತ್ರ ಮನೆಯೊಳಗೆ. ಬಾವಿಯ ಹತ್ತಿರ ನಿಂತರೆ ಮನೆಯ ಬಾಗಿಲು ಕಾಣುತ್ತದೆ, ಅಲ್ಲಿ ದಾಟಲು ಹೊಸ್ತಿಲೂ ಇಲ್ಲ. ಇಷ್ಟು ಹೊಳೆದದ್ದೇ ತಡ, ನನಗೂ ಬೇಟೆಯ ಹುಚ್ಚಿದೆ ಎಂದು ಮಾವನವರಿಗೆ ಹೇಳಿ ಕಳಿಸಿದೆ. ಅಲ್ಲಿಯವರೆಗೆ ನಾನು ತಿಗಣೆ ಬಿಟ್ಟರೆ ಬೇರೇನನ್ನೂ ಬೇಟೆಯಾಡಿದವನಲ್ಲ.

ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ಮುಖಕ್ಕೆ ಪೌಡರ್ ಬಳಿದು, ಎದುರುಗಾಳಿಗೆ ಸೈಕಲ್ ತುಳಿದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅಲ್ಲಿ ಬೇಟೆನಾಯಿಗಳು ಮೊದಲು ನನ್ನನ್ನೇ ಮೂಸಿ ಬೊಗಳಿದವು. ಬಲೆಯ ಒಂದು ತುದಿಯಲ್ಲಿ ನನ್ನನ್ನು ನಿಲ್ಲಿಸಿ ಉಳಿದವರು ಪೊದೆ ಬಡಿಯಲು ಹೋದರು. ನಾನು ಹೊಲದಾಚೆ ಕಾಣುತ್ತಿದ್ದ ಮನೆಯ ಬಾಗಿಲನ್ನೇ ನೋಡುತ್ತಾ ನಿಂತೆ. ಒಂದು ಮೊಲ ನನ್ನ ಕಾಲ ಸಂದಿಯಿಂದಲೇ ದಾಟಿಹೋಯಿತು. ಗೊತ್ತಾದದ್ದು ಎಲ್ಲರೂ ನಕ್ಕಾಗ.

ಮೊಲ ಬಿಟ್ಟವನೇ ಆ ದಿನ ಅಡುಗೆಯವನು. ಅದು ಅವರ ನಿಯಮ. ಹೊಸ ಅಳಿಯನೆಂದು ನನಗೆ ವಿನಾಯಿತಿ ಕೊಟ್ಟರು. ನಾನು ಬಿಡಲಿಲ್ಲ. ಮೊಲದ ಸಾರು ಎಂದರೆ ನನಗೆ ನೀರು ಕುಡಿದ ಹಾಗೆ ಎಂದುಬಿಟ್ಟೆ. ನನಗೆ ಬರುತ್ತಿದ್ದುದು ಉಪ್ಪಿಟ್ಟೊಂದೇ, ಅದೂ ಗಂಟುಗಂಟು.

ಬಲೆಗೆ ಬಿದ್ದಿದ್ದ ಬೇರೆ ಮೊಲಗಳನ್ನು ಅವರೇ ಹುಲ್ಲಿನ ಉರಿಯಲ್ಲಿ ಸುಟ್ಟು, ಅರಿಶಿನ ಬಳಿದು, ತುಂಡು ಮಾಡಿಕೊಟ್ಟರು. ಮಡಕೆ ಏರಿಸಿದೆ. ಅರೆದ ಖಾರ ಮನೆಯಿಂದ ಬರಬೇಕಿತ್ತು. ತರುವವಳು ಅವಳೇ ಎಂದು ತಲೆ ಬಾಚಿಕೊಂಡು ನಿಂತೆ. ಬಂದದ್ದು ಹೆಂಡತಿಯ ಅಜ್ಜಿ.

ಖಾರ ಸಾಲದು ಎಂದೆ. ಮಾವನವರು ಬಾಯಿಗೆ ಕೈ ಅಡ್ಡ ಹಿಡಿದು ಮನೆಯತ್ತ ಕೂಗಿದರು. ಅಜ್ಜಿಯೇ ಬಂದರು. ಕಾಯಿ ಬೇಕು ಎಂದೆ. ಮತ್ತೆ ಅಜ್ಜಿ. ಹುಣಸೆಹಣ್ಣು ಎಂದೆ. ಮೊಲದ ಸಾರಿಗೆ ಹುಣಸೆಯೇ ಎಂದು ಬೇಟೆಯವರು ಮುಖ ಮುಖ ನೋಡಿಕೊಂಡರು. ಯಡಿಯೂರಿನ ಕಡೆ ಹಾಗೇ ಎಂದು ಊರಿನ ಮಾನವನ್ನೂ ಕಳೆದೆ. ಬೇಕೆಂದು ತರಿಸಿದ ಮೇಲೆ ಹಾಕದೆ ಇರುವಂತಿಲ್ಲ, ಎಲ್ಲವನ್ನೂ ಮಡಕೆಗೆ ಸುರಿದೆ. ಗಾಳಿಗೆ ಉರಿ ಒಮ್ಮೆ ಆರುತ್ತಿತ್ತು, ಒಮ್ಮೆ ಮೈಮೇಲೇ ಬರುತ್ತಿತ್ತು. ಪೌಡರಿನ ಮೇಲೆ ಮಸಿ ಕೂತು ನನ್ನ ಮುಖ ಏನಾಗಿತ್ತೋ, ಅಜ್ಜಿ ನನ್ನನ್ನು ನೋಡಿದಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಹುಣಸೆಹಣ್ಣು ಕೊಟ್ಟ ಅಜ್ಜಿ ಹೋಗದೆ ಕಲ್ಲಿನ ಮೇಲೆ ಕೂತರು.

"ಇನ್ನೇನ್ ಬೇಕು ಅಂತ ಒಂದೇ ಸಲ ಹೇಳ್ಬಿಡಪ್ಪ," ಎಂದರು. "ನನ್ನ ಮಂಡಿ ನೋಯ್ತದೆ."

ಬೇಕಾದದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ನಾನು ಸೌಟು ಆಡಿಸುತ್ತಾ ಏನೂ ಬೇಡ ಅಜ್ಜಿ ಎಂದೆ. ಇನ್ನು ಉಳಿದದ್ದು ಇಷ್ಟೇ. ಸಾರು ಆದ ಮೇಲೆ ಊಟ, ಊಟವಾದ ಮೇಲೆ ಸೈಕಲ್ ಹತ್ತುವುದು. ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ.

ಹೊಂಗೆ ಮರದ ಕೆಳಗೆ ಬೀಡಿ ಸೇದುತ್ತಾ ಇದನ್ನೆಲ್ಲ ನೋಡುತ್ತಿದ್ದ ಮಾವನವರು ಎದ್ದರು. ಮಡಕೆಯ ಹತ್ತಿರ ಬಂದು ಸಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಮನೆಯತ್ತ ತಿರುಗಿ ಕೂಗಿದರು.

"ಮುದ್ದೆ ಮಗಳ ಕೈಲಿ ಕಳ್ಸೇ. ಅಜ್ಜಿಗೆ ಇನ್ ನಡೆಯಕ್ಕಾಗಲ್ಲ."

ಅವಳು ಮುದ್ದೆಯ ಕುಕ್ಕೆಯನ್ನು ತಲೆಯ ಮೇಲಿಟ್ಟುಕೊಂಡು ಹೊಲದ ಬದುವಿನ ಮೇಲೆ ಬಂದಳು. ಸ್ವಲ್ಪ ಇಳಿದುಹೋಗಿದ್ದಳು. ಅವಳು ಹತ್ತಿರ ಬರುತ್ತಿದ್ದ ಹಾಗೆ ಮಾವನವರು ಕೈಕಾಲು ತೊಳೆದು ಬರೋಣ ಎಂದು ಎಲ್ಲರನ್ನೂ ಹೊರಡಿಸಿದರು. ಬಾವಿ ಪಕ್ಕದಲ್ಲೇ ಇತ್ತು, ಅವರು ಕರೆದುಕೊಂಡು ಹೋದದ್ದು ದೂರದ ಕೆರೆಗೆ. ಅಜ್ಜಿ ಕೂಡ ಮಂಡಿ ನೋವು ಮರೆತು ಅವರ ಹಿಂದೆ ಹೊರಟರು.

ದಾರಿಯಲ್ಲಿ ಕಲಿತದ್ದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಅವಳು ಕುಕ್ಕೆ ಇಳಿಸಿ, ನನ್ನ ಮುಖ ನೋಡಿದಳು, ನಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಸೌಟಿನಲ್ಲಿ ಒಂದಿಷ್ಟು ಸಾರನ್ನು ಅವಳ ಅಂಗೈಗೆ ಹಾಕಿ, ಹೇಗಿದೆ ಎಂದು ಕೇಳಿದೆ.

ಅವಳು ನೆಕ್ಕಿ ನೋಡಿದಳು. ಕಣ್ಣು ಕಿರಿದು ಮಾಡಿದಳು.

"ಚೆನ್ನಾಗಿಲ್ಲ ಕಣ್ರೀ," ಎಂದಳು. ಮತ್ತೆ ಅಂಗೈ ಚಾಚಿದಳು. "ಆದ್ರೆ ಇಲ್ಲಿಗ್ ಬಂದಾಗಿಂದ ನನ್ನ ಬಾಯಿಗೆ ರುಚಿ ಅಂತ ಹತ್ತಿದ್ದು ಇದೊಂದೇ."

ನನಗೆ ಅಳು ಬಂತು. ಹೊಗೆಯ ನೆಪ ಹೇಳೋಣವೆಂದರೆ, ಗಾಳಿ ಹೊಗೆಯನ್ನೆಲ್ಲ ಆಚೆ ಕಡೆಗೆ ಹೊತ್ತುಕೊಂಡು ಹೋಗುತ್ತಿತ್ತು.