ಜಯಶ್ರೀಯ ಡಬ್ಬಿಯ ಮೇಲೆ ಬಂದ ಅಪವಾದ

ನನ್ನ ತಂಗಿಯ ಮಗಳು ಜಯಶ್ರೀ ಬಳ್ಳಾರಿಯಲ್ಲಿ ನನ್ನ ಜೊತೆಯೇ ಇದ್ದಾಳೆ. ಮುಂದಿನ ಕೋಣೆಯಲ್ಲಿ ಕೂತು ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ. ಕುಡುಕ ಗಂಡನ ಹೊಡೆತ ಸಾಕೆಂದು ಬಿಟ್ಟು ಬಂದ ದಿನವೂ ಅತ್ತವಳಲ್ಲ. ಅವಳನ್ನು ಅಳಿಸಿದ್ದು ಒಂದು ಕಂಪ್ಯೂಟರ್ ಆಟ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಟ ಹಳೆಯದು. ಕೋಟೆ ಕಟ್ಟಬೇಕು, ದಂಡು ಕೂಡಿಸಬೇಕು, ಎದುರಿನವರ ಮೇಲೆ ಬೀಳಬೇಕು. ಅಮಾವಾಸ್ಯೆಯ ದಿನ ಮಷಿನ್ನಿಗೆ ಪೂಜೆ ಮಾಡಿ ಕೆಲಸ ನಿಲ್ಲಿಸುತ್ತೇವಲ್ಲ, ಆ ಬಿಡುವಿನಲ್ಲಿ ಮೂವರು ಆಡುತ್ತಾರೆ. ಇಲ್ಲಿಂದ ಜಯಶ್ರೀ, ಸಿರುಗುಪ್ಪದ ಅಕ್ಕಿ ಮಿಲ್ಲಿನಿಂದ ಅವಳ ಅಣ್ಣ ವಿಜಯಕುಮಾರ, ಕುರುಗೋಡಿನಿಂದ ಸೋದರಮಾವನ ಮಗ ಹುಲುಗೇಶ. ಗಂಡನನ್ನು ಬಿಟ್ಟವಳೆಂದು ತವರಿನವರು ಅವಳನ್ನು ಮದುವೆಗೂ ಕರೆಯುತ್ತಿರಲಿಲ್ಲ, ಹಬ್ಬಕ್ಕೂ ಕರೆಯುತ್ತಿರಲಿಲ್ಲ. ಅಣ್ಣನ ಜೊತೆ ಉಳಿದದ್ದು ಈ ಆಟದ ಮಾತೊಂದೇ.

ದಂಡು ದೊಡ್ಡದಾದ ಹಾಗೆ ಆಟ ಕುಂಟತೊಡಗಿತು. ಆ ಆಟದ ಗುಣವೇ ಹಾಗಂತೆ: ಯಾರೊಬ್ಬರ ಕಂಪ್ಯೂಟರಿನ ಪ್ರೊಸೆಸರ್ ಹಿಂದೆ ಬಿದ್ದರೂ ಉಳಿದವರೆಲ್ಲ ಅದಕ್ಕಾಗಿ ಕಾಯಲೇಬೇಕು.

"ಲೇ ಜಯಾ, ನಿನ್ನ ಕಂಪ್ಯೂಟರ್ ಡಬ್ಬಿಗೆ ದಮ್ಮು ಹತ್ತೈತಿ ನೋಡು," ಎಂದ ಅಣ್ಣ ಫೋನಿನಲ್ಲಿ. "ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸು."

"ನಿಂದ ಯಾಕಿರಬಾರ್ದಣ್ಣ?"

"ನಂದು ಮಿಲ್ ಆಫೀಸಿಂದು. ಹೊಲಿಗಿ ಮನಿದಲ್ಲ!"

ಇವಳು ಹಬ್ಬಕ್ಕೆ ಸೀರೆ ಕೊಳ್ಳುವುದು ಬಿಟ್ಟು ಆ ದುಡ್ಡಿಗೆ ಕಾರ್ಡ್ ತಂದಳು. ಕುಂಟುವುದು ನಿಲ್ಲಲಿಲ್ಲ.

"ಚಿತ್ರ ಸಣ್ಣದು ಮಾಡಿದ್ರೂ ಅಷ್ಟ ಕುಂಟ್ತೈತಿ ದೊಡ್ಡವ್ವಾ," ಎಂದಳು. "ಚಿತ್ರ ತೋರ್ಸೋ ಕಾರ್ಡಿಂದಲ್ಲ ಇದು, ಲೆಕ್ಕ ಮಾಡೋ ಪ್ರೊಸೆಸರ್ ದಣೀತೈತಿ."

ಡಬ್ಬಿ ಬಿಚ್ಚಿದರೆ ಫ್ಯಾನಿನ ಮೇಲೆ ಜೀನ್ಸಿನ ನೀಲಿ ಜುಂಗು ಕಂಬಳಿಯಂತೆ ಕೂತಿತ್ತು. ಬ್ರಶ್ಶಿನಿಂದ ತೆಗೆದಳು, ಪ್ರೊಸೆಸರಿಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿದಳು, ಹಿಂದೆ ಸುಮ್ಮನೆ ನಡೆಯುತ್ತಿದ್ದ ಬೇರೆ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿದಳು. ಒಬ್ಬಳೇ ಆಡಿದರೆ ಆಟ ಕುದುರೆಯಂತೆ ಓಡಿತು. ಮೂವರು ಕೂಡಿದರೆ ಮತ್ತೆ ಅದೇ ಕುಂಟು.

"ಈ ಅಮಾಸಿಗೆ ನೀ ಬ್ಯಾಡ," ಎಂದ ವಿಜಯಕುಮಾರ. "ನಾವಿಬ್ರ ಆಡ್ತೀವಿ."

ಫೋನ್ ಇಟ್ಟು ಹೊಲಿಗೆ ಮಷಿನ್ನಿನ ಮೇಲೆ ತಲೆ ಊರಿ ಅತ್ತಳು. ತಪ್ಪು ಹುಡುಕುವಾಗ ಎಲ್ಲರಿಗೂ ಮೊದಲು ಕಾಣುವುದು ಗಂಡನ ಮನೆ ಬಿಟ್ಟವಳೇ. ಗಂಡ ಕುಡಿದರೂ ಇವಳದೇ ತಪ್ಪು, ಆಟ ಕುಂಟಿದರೂ ಇವಳದೇ ತಪ್ಪು! ವಿಜಯಕುಮಾರನನ್ನು ಎತ್ತಿ ಆಡಿಸಿದ ನನ್ನ ಕೈಗೇ ಇವನ ಕೆನ್ನೆ ಸಿಗಬಾರದೇ ಎನ್ನಿಸಿತು.

ಅಮಾವಾಸ್ಯೆಯ ಮಧ್ಯಾಹ್ನ ಹುಲುಗೇಶನ ಫೋನ್ ಬಂತು. "ಅಕ್ಕಾ, ನೀ ಇಲ್ದಿದ್ರೂ ಹಂಗ ಕುಂಟಾಕತ್ತೈತಿ. ನಂದು ಒಬ್ನ ಆಡಿದ್ರ ಓಡ್ತೈತಿ. ಇನ್ನುಳಿದಿದ್ದು ಯಾರ್ದು, ನೀನ ಹೇಳು."

ನಾನು ಫೋನ್ ಕಿತ್ತುಕೊಂಡು ವಿಜಯಕುಮಾರನಿಗೆ ಹಚ್ಚಿದೆ. "ಲೇ, ನಿನ್ನ ಆಫೀಸ್ ಡಬ್ಬಿ ಹೊತ್ಕೊಂಡು ನಾಳೆ ಬಸ್ ಹತ್ತು. ಇಲ್ಲಾಂದ್ರ ನಾನ ಮಿಲ್ಲಿಗೆ ಬಂದು ಹಮಾಲರ ಮುಂದ ನಿನ್ನ ಮಾನ ಕಳೀತೀನಿ."

ಬಂದ. ಡಬ್ಬಿ ಅಕ್ಕಿ ಚೀಲದೊಳಗೇ ಇತ್ತು. ಮಿಲ್ಲಿನವರು ತೌಡಿನ ದೂಳಿಗೆ ಹೆದರಿ ತಕ್ಕಡಿಗೂ ಚೀಲ ಹೊದಿಸುತ್ತಾರೆ. ಈ ಜಾಣ ಕಂಪ್ಯೂಟರಿಗೂ ಚೀಲ ತೊಡಿಸಿ, ದಬ್ಬಳದಿಂದ ಬಾಯಿ ಹೊಲಿದು, ಹಾಗೆಯೇ ನಡೆಸುತ್ತಿದ್ದ! ವೈರು ಹೋಗಲು ಒಂದು ತೂತು ಬಿಟ್ಟಿದ್ದ, ಗಾಳಿಗೆ ಬಿಟ್ಟಿರಲಿಲ್ಲ. ಜಯಶ್ರೀ ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ತೂತಿನಿಂದ ನುಗ್ಗಿದ ತೌಡು ಒಳಗೆಲ್ಲ ಹೆಪ್ಪುಗಟ್ಟಿತ್ತು.

"ದೂಳು ಹೋಗಬಾರ್ದು ಅಂತ ಹೊದಿಸಿದ್ದೆ..." ಎಂದು ಗೊಣಗಿದ.

"ಅದಕ್ಕ ಉಸಿರು ಕಟ್ಟಿಸಿ, ನನ್ನ ಹೊರಗ ಹಾಕಿದಿ," ಎಂದಳು. ಬೈಯುತ್ತಲೇ ಸ್ವಚ್ಛ ಮಾಡಿಕೊಟ್ಟಳು. "ಆದ್ರೂ ಇದು ಹಳೇ ಪ್ರೊಸೆಸರ್, ಭಾಳ ದಂಡು ಹೊರಾಂಗಿಲ್ಲ. ಇನ್ನ ಒಬ್ಬೊಬ್ರಿಗೆ ನೂರ ಆಳು."

"ನೂರು ಆಳಿನ್ಯಾಗ ನಾ ಹ್ಯಾಂಗ ಗೆಲ್ಲಲಿ?"

"ಬ್ಯಾಡಾದ್ರ ಬಿಡು. ನಾವಿಬ್ರ ಆಡ್ತೀವಿ."

ತಾನಾಡಿದ ಮಾತೇ ತನ್ನ ಮುಖಕ್ಕೆ ಬಂದದ್ದು ಅವನಿಗೆ ತಿಳಿಯಿತು. ತಲೆ ತಗ್ಗಿಸಿ ಒಪ್ಪಿದ. ಡಬ್ಬಿ ಹೊತ್ತು ಹೊಸ್ತಿಲು ದಾಟುವಾಗ ಮೆಲ್ಲಗೆ ಅಂದ: "ಜಯಾ, ಬರೋ ತಿಂಗಳು ಮಗಳ ಮದುವಿ ಐತಿ. ಬಾ."

ಅವಳ ಮುಖ ಅರಳಿದ್ದು ಕಂಡೆ. ನನಗೆ ಮಾತ್ರ ತಡೆಯಲಾಗಲಿಲ್ಲ.

"ಡಬ್ಬಿ ರಿಪೇರಿಗೆ ಬಂದಾಂವ ಕರದ್ರ ಅದು ಕರದಂಗಲ್ಲ. ಹೆಂಡ್ತಿನ ಕರ್ಕೊಂಡು ಬಾ. ಅರಿಷಿಣ ಕುಂಕುಮ ಕೊಟ್ಟು, ಕೂತು ಕರೀರಿ."

ಮುಂದಿನ ವಾರ ಇಬ್ಬರೂ ಬಂದು ಕರೆದರು. ಹೋಗುತ್ತೇವೆ. ಊಟದ ಸಾಲಿನಲ್ಲಿ ಅವಳ ಪಕ್ಕ ನಾನೇ ಕೂರುತ್ತೇನೆ, ಯಾರು ಏನು ಅನ್ನುತ್ತಾರೋ ಅನ್ನಲಿ, ನೋಡುತ್ತೇನೆ.