ಕುಂಕುಮ ಹಚ್ಚಿದ ಟೈರು

ಸೊರಬದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸಕ್ಕೆ ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕಿತ್ತು. ರಸ್ತೆ ಕೆಸರಾಗಿದೆಯೆಂದು ಚಿಕ್ಕಪ್ಪ ಹಿಂದಿನ ದಿನವೇ ಜೀಪನ್ನು ಶಿಕಾರಿಪುರದ ಟೈರ್ ಅಂಗಡಿಗೆ ಒಯ್ದರು. ನಾನೂ ಜೊತೆಗಿದ್ದೆ.

"ನುಣ್ಣಗಿರೋದು ಟಾರಿಗೆ, ಹಲ್ಲಿರೋದು ಕೆಸರಿಗೆ. ಎರಡಕ್ಕೂ ಅಂತ ಮಾಡಿದ್ದು ಎರಡರಲ್ಲೂ ಅಷ್ಟಕ್ಕಷ್ಟೇ," ಎಂದರು ಅಂಗಡಿಯ ಸಾಹೇಬರು.

ಚಿಕ್ಕಪ್ಪ ದಪ್ಪ ಹಲ್ಲಿನವು ಎರಡು ಕೊಂಡು, ಮುಂದಿನ ಚಕ್ರಗಳಿಗೆ ಹಾಕಲು ಹೇಳಿದರು.

"ಹಿಂದಕ್ಕೆ ಹಾಕ್ಸ್ರೀ. ನಿಮ್ಮ ಜೀಪನ್ನ ದೂಡೋದು ಹಿಂದಿನ ಚಕ್ರ."

"ಪೂಜೆ ಮಾಡೋದು ಮುಂದಿನದಕ್ಕಲ್ಲೇನ್ರೀ? ಸವೆದಿದ್ದಕ್ಕೆ ಕುಂಕುಮ ಹಚ್ಲಾ?"

ಭೌತಶಾಸ್ತ್ರ ಓದಿದ ನಾನು, ದೊಡ್ಡವರ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ.

ಮರುದಿನ ಸೊರಬಕ್ಕೆ ಎರಡು ಮೈಲಿ ಇರುವಾಗ ಹಿಂದಿನ ಚಕ್ರಗಳು ಕೆಸರಿನಲ್ಲಿ ನಿಂತಲ್ಲೇ ಗರಗರ ತಿರುಗಿದವು. ಹೊಸ ಟೈರುಗಳು ಹೂವು, ಕುಂಕುಮ ಧರಿಸಿ ಏನೂ ಮಾಡದೆ ಕೂತಿದ್ದವು.

"ಚಿಕ್ಕಪ್ಪ, ಇವನ್ನು ಹಿಂದಕ್ಕೆ ಹಾಕಬೇಕಿತ್ತು," ಎಂದೆ.

"ಈಗ ಹೇಳ್ತೀಯಲ್ಲ ಮಾರಾಯ್ತಿ!" ಎಂದು ಅವರು ಜಾಕ್ ತೆಗೆದರು.

ಚಕ್ರ ಬದಲಿಸಿ ನಾವು ತಲುಪಿದಾಗ ಹನ್ನೊಂದೂವರೆ. ಸೀರೆಯ ಅಂಚಿನಲ್ಲಿ ಕೆಸರು. ತಡವೇಕೆಂದು ಶಾಲೆಯ ಕಮಿಟಿ ಅಧ್ಯಕ್ಷರು ಗದರಿದರು. ಯಾವ ಚಕ್ರ ಗಾಡಿಯನ್ನು ದೂಡುತ್ತದೆ, ಹಲ್ಲಿನ ಟೈರು ಎಲ್ಲಿರಬೇಕು ಎಂಬುದನ್ನು ಎರಡೇ ವಾಕ್ಯಗಳಲ್ಲಿ ವಿವರಿಸಿದೆ. ಅವರು ಎದ್ದು ಕಿಟಕಿಯಿಂದ ಅಂಗಳದಲ್ಲಿದ್ದ ತಮ್ಮ ಜೀಪನ್ನು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಸೋಮವಾರದಿಂದ ಬನ್ನಿ," ಎಂದರು. "ನಮ್ಮ ಡ್ರೈವರ್‌ಗೆ ಮಾತ್ರ ಏನೂ ಹೇಳ್ಬೇಡಿ. ಮುಂದಕ್ಕೆ ಹಾಕ್ಸಿದ್ದು ನಾನೇ."