ಅರಳೆ ಇಳಿಯಲೆಂದು ಬೆಲ್ಲ

ನಾನು ಶಾಲೆ ಬಿಟ್ಟದ್ದು 1944ರಲ್ಲಿ, ಮೂರನೇ ತರಗತಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಹತ್ತಿ ಬಡಿಯುವ ಬಿಲ್ಲನ್ನು ಯಾರಾದರೂ ಹಿಡಿಯಲೇಬೇಕಿತ್ತು. ಬಿಲ್ಲು ನನಗಿಂತ ಉದ್ದ. ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ ಅದನ್ನು ಹಗ್ಗದಿಂದ ತೊಲೆಗೆ ಇಳಿಬಿಟ್ಟು, "ಭಾರ ತೊಲಿ ಹೊರತೈತಿ, ನೀ ಬಡಿ ಸಾಕು" ಅಂದಳು. ಹಾಗೆ ಕಲಿತೆ.

ನಾನು ಹತ್ತಿ ಬಡಿಯುವುದು, ಅಕ್ಕ ಗಾದಿ ಹೊಲಿಯುವುದು. ಮನೆ ಶಿಕಾರಿಪುರದಲ್ಲಿ, ಸುಗ್ಗಿ ಮುಗಿದ ಮೇಲೆ ಕೆಲಸ ಹೆಚ್ಚಾಗಿ ಸೊರಬದ ಹಳ್ಳಿಗಳಲ್ಲಿ. ಮದುವೆ ಗೊತ್ತಾದ ಮನೆಗಳ ಜಗುಲಿಯಲ್ಲಿ ಕೂತು ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬಿಡಿಸಿ, ಮತ್ತೆ ತುಂಬಿ ಕೊಡುತ್ತಿದ್ದೆವು. ನಮ್ಮ ಗಾದಿಯಲ್ಲಿ ಬೆನ್ನಿಗೆ ಗಂಟು ಒತ್ತಿತು ಅಂತ ಇದುವರೆಗೆ ಯಾರೂ ಹೇಳಿಲ್ಲ. ಹೇಳುವಂತೆ ನಾನು ಕೆಲಸ ಮಾಡಿಯೂ ಇಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ದಿನವಿಡೀ ಬಡಿದರೆ ಹತ್ತಿಯ ಧೂಳು ಮೂಗು, ಗಂಟಲು ಎಲ್ಲ ತುಂಬುತ್ತದೆ. ಸಂಜೆ ಬಿಲ್ಲು ಇಳಿಸಿದ ಕೂಡಲೇ ಒಂದು ತುಂಡು ಬೆಲ್ಲ ತಿನ್ನಬೇಕು. ಗಂಟಲಿಗೆ ಅಂಟಿದ ಅರಳೆ ಬೆಲ್ಲದ ಜೊತೆ ಇಳಿದು ಹೋಗುತ್ತದೆ. ಆಲೆಮನೆಗಳ ಸೀಮೆ ಅದು, ಗಾದಿ ಹೊಲಿಸಿದ ಮನೆಯವರೇ ಕೂಲಿಯ ಜೊತೆ ಬೆಲ್ಲವನ್ನೂ ಕೈಗಿಡುತ್ತಿದ್ದರು. ಅಕ್ಕನಿಗೆ ಅದೇ ಹಬ್ಬ.

ಅವಳು ಬಚ್ಚಲಿಗೆ ಹೋಗಿ ಬಂದ ಜಾಗಕ್ಕೆ ಇರುವೆ ಮುತ್ತತೊಡಗಿದಾಗ ಡಾಕ್ಟರ ಹತ್ತಿರ ಕರೆದೊಯ್ದೆ. ಕಾಂಪೌಂಡರು ನೀಲಿ ಔಷಧದಲ್ಲಿ ಮೂತ್ರ ಹಾಕಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಬಣ್ಣ ಬಂತು. ಸಕ್ಕರೆ ಕಾಯಿಲೆ. ಬೆಲ್ಲ ಮುಟ್ಟುವಂತಿಲ್ಲ, ಅನ್ನ ಕಡಿಮೆ, ಗೋದಿ ರೊಟ್ಟಿ ತಿನ್ನಬೇಕು ಅಂದರು. ಮನೆಗೆ ಬಂದವನೇ ಬೆಲ್ಲದ ಡಬ್ಬಿಯನ್ನು ಬೀದಿಯ ಹುಡುಗರಿಗೆ ಹಂಚಿ ಖಾಲಿ ಮಾಡಿದೆ.

"ಡಾಕ್ಟ್ರು ನನಗ ಹೇಳಿದ್ರೆ ನೀ ಊರಿಗೆಲ್ಲ ಹಂಚ್ತೀಯೇನೋ?" ಅಂದಳು ಅಕ್ಕ.

"ನಿನ್ನ ಕಣ್ಣಿಗೆ ಬೀಳಬಾರದು."

"ಕಣ್ಣಿಗೆ ಬೀಳದಿದ್ರೆ ಗಂಟ್ಲಾಗಿನ ಅರಳಿ ಇಳಿಯೋದು ಹೆಂಗಪ್ಪಾ? ನಿನ್ನ ಜಂಬ ನುಂಗಿದ್ರೆ ಇಳೀತೈತೇನು?"

ಅಂದಿನಿಂದ ನಮ್ಮ ಮನೆಯೊಳಗೆ ಬೆಲ್ಲ ಬರಲಿಲ್ಲ. ಹಳ್ಳಿಯಲ್ಲಿ ಕೊಟ್ಟದ್ದನ್ನು ದಾರಿಯಲ್ಲೇ ತಿಂದು, ಕೆರೆಯಲ್ಲಿ ಬಾಯಿ ತೊಳೆದು ಬರುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು.

ಕ್ಯಾಸನೂರಿನ ಕಡೆ ಮಂಗನ ಕಾಯಿಲೆ ಬಂದು ಮಂಗಗಳು ಸತ್ತು ಬಿದ್ದವಲ್ಲ, ಅದರ ಮರುವರ್ಷ ಅಕ್ಕನಿಗೆ ರೊಟ್ಟಿ ಎದೆಯಲ್ಲಿ ನಿಲ್ಲತೊಡಗಿತು. ನೀರು ಕುಡಿದರೆ ಇಳಿಯುತ್ತಿತ್ತು. ಆಮೇಲೆ ನೀರು ಕುಡಿದರೂ ಇಳಿಯದಾಯಿತು. "ನಾ ಹೇಳಿರಲಿಲ್ಲೇನು? ಇಷ್ಟು ವರ್ಷದ ಅರಳಿ ಎಲ್ಲಾ ಕೂಡಿ ಗಾದಿ ಆಗೈತಿ ಒಳಗ" ಅಂದಳು. ನಗುತ್ತಲೇ ಅಂದದ್ದು. ನಾನು ನಗಲಿಲ್ಲ, ಯಾಕೆಂದರೆ ನಾನೂ ಅದನ್ನೇ ನಂಬಿದ್ದೆ. ಡಾಕ್ಟರಿಗೂ ಹಾಗೆಯೇ ಹೇಳಿದೆ: ಅರಳೆ ಸಿಕ್ಕಿಕೊಂಡಿದೆ, ತೆಗೆದುಬಿಡಿ. ಅವರು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ನೋಡಿಸಿಕೊಂಡು ಬಂದ ಮೇಲೆ ನನ್ನೊಬ್ಬನನ್ನೇ ಒಳಗೆ ಕರೆದು ಕೂರಿಸಿದರು.

"ಇದು ಹತ್ತಿ ಅಲ್ಲ ಕಣಪ್ಪಾ. ಅನ್ನ ಇಳಿಯೋ ದಾರಿಯಲ್ಲಿ ಕ್ಯಾನ್ಸರ್. ಗಡ್ಡೆ ಸುಡೋ ಕರೆಂಟು ಕೊಡೋಕೆ ದೂರದೂರಿಗೆ ಒಯ್ಯಬೇಕು, ಆದರೆ ಅವರಿಗೆ ಆ ಶಕ್ತಿ ಉಳಿದಿಲ್ಲ. ಹೊಟ್ಟೆಗೆ ಏನಾದರೂ ಹೋಗುವ ಹಾಗೆ ನೋಡಿಕೋ."

ಈ ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಆ ಹೊತ್ತಿಗೆ ನನಗೆ ಮದುವೆಯಾಗಿತ್ತು, ಹೆಂಡತಿಗೆ ಮಾತ್ರ ಹೇಳಿದೆ.

ಹೊಟ್ಟೆಗೆ ಹಾಕುವುದೇನು? ಒಂದು ಕಾಯಿಲೆ ಬೇಕೆಂದದ್ದನ್ನು ಇನ್ನೊಂದು ಬೇಡ ಅನ್ನುತ್ತಿತ್ತು. ತಿನ್ನಬಹುದಾಗಿದ್ದ ಗೋದಿ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯುತ್ತಿದ್ದ ಅನ್ನದ ಗಂಜಿ ಕೊಡುವಂತಿರಲಿಲ್ಲ. ಬಳ್ಳಿಗಾವಿ ಕಡೆಯ ಕುರಿಯವರಿಂದ ಆಡಿನ ಹಾಲು ತಂದೆ. ಕುರಿಕಾಲನ್ನು ಹೆಂಡತಿ ದಿನಪೂರ್ತಿ ಬೇಯಿಸಿ ರಸ ಮಾಡುತ್ತಿದ್ದಳು. ಅದನ್ನು ಗಾದಿಗೆ ತಂದ ಹೊಸ ಮಲ್ಲು ಬಟ್ಟೆಯಲ್ಲಿ ನಾನೇ ಸೋಸುತ್ತಿದ್ದೆ, ಒಂದು ಎಳೆ ಮಾಂಸವೂ ದಾಟದಂತೆ. ಹೆಸರುಬೇಳೆಯ ಕಟ್ಟು, ತೆಳ್ಳನೆಯ ಮಜ್ಜಿಗೆ, ಹಾಲಿನಲ್ಲಿ ಕದಡಿದ ಮೊಟ್ಟೆ. ಅಕ್ಕ ಎರಡು ಗುಟುಕು ಕುಡಿದು ಬಟ್ಟಲು ಸರಿಸುತ್ತಿದ್ದಳು.

"ಇನ್ನೊಂದು ಗುಟುಕು, ಅಕ್ಕಾ."

"ಹತ್ತಿ ತುಂಬಿದಂಗ ತುಂಬಬ್ಯಾಡ. ಹೊಲಿಗಿ ಬಿಡ್ತೈತಿ."

ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಜಾರತೊಡಗಿತು. ನಾನು ಮತ್ತೆ ಡಾಕ್ಟರ ಹತ್ತಿರ ಹೋದೆ. ಬೇರೆ ಏನು ಕೊಡಲಿ, ಹೇಳಿ, ಎಲ್ಲಿಂದಾದರೂ ತರುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನು ಪಥ್ಯ ಬೇಡ. ಏನು ಇಳಿಯುತ್ತೋ ಅದನ್ನು ಕೊಡು. ಬೆಲ್ಲ ಕೇಳಿದರೆ ಬೆಲ್ಲ."

ಡಾಕ್ಟರು ಪಥ್ಯ ಬಿಡಿಸಿದರೆ ಅದರ ಅರ್ಥ ಏನೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಅದು ನನ್ನನ್ನು ಕಟ್ಟಿಹಾಕಿತು. ಗಂಜಿ ಕೊಡಲು ಶುರು ಮಾಡಿದೆವು. ಬಾಯಿರುಚಿಗೆ ಸ್ವಲ್ಪ ಅಂತ ಸುಳ್ಳು ಹೇಳಿದೆವು. ಬೆಲ್ಲ ಮಾತ್ರ ತರಲಾರದೆ ಹೋದೆ. ಬೆಲ್ಲ ಕಂಡರೆ ಅವಳಿಗೆ ಎಲ್ಲವೂ ತಿಳಿದುಬಿಡುತ್ತದೆ. ತರದಿದ್ದರೆ, ಇಳಿಯಬಹುದಾದ ಒಂದು ವಸ್ತುವನ್ನೂ ಕೊಡದೆ ಉಪವಾಸ ಕೆಡವಿದಂತಾಗುತ್ತದೆ.

ಕುಬಟೂರಿನಲ್ಲಿ ಒಂದು ಮನೆಯ ಕೆಲಸ ಮುಗಿಸಿದ ಸಂಜೆ ಆ ಮನೆಯ ಅಮ್ಮ ಎಂದಿನಂತೆ ಬೆಲ್ಲ ತಂದಿಟ್ಟರು. "ನಿಮ್ಮಕ್ಕ ಬರ್ಲೇ ಇಲ್ವಲ್ಲ ಈ ಸಲ? ಅವ್ರಿಗೂ ತಗಂಡು ಹೋಗಿ" ಅಂತ ಇನ್ನೊಂದು ತುಂಡು ಇಟ್ಟರು. ಹೊಸ ಬೆಲ್ಲ, ಇನ್ನೂ ಮೆತ್ತಗಿತ್ತು. ಅದನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡೆ. ದಾರಿಯಲ್ಲಿ ತಿನ್ನಲಿಲ್ಲ, ಕೆರೆಯಲ್ಲಿ ಬಾಯಿಯನ್ನೂ ತೊಳೆಯಲಿಲ್ಲ.

ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ ಅವಳ ಬಾಯಿಗೆ ಒಂದು ಚಮಚ ಬಿಟ್ಟೆ. ಅಕ್ಕ ಅದನ್ನು ಬಾಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ನುಂಗಲು ಬಹಳ ಹೊತ್ತು ಹಿಡಿಯಿತು.

"ಕೈ ಬಿಟ್ರೇನೋ ಡಾಕ್ಟ್ರು?"

"ಇಲ್ಲ. ಅರಳೆ ಇಳೀಲಿ ಅಂತ ಅವರೇ ಬರೆದುಕೊಟ್ಟರು."

"ಅಂತೂ ಡಾಕ್ಟ್ರೂ ನಮ್ಮ ಕಸಬು ಕಲ್ತರು ಅನ್ನು" ಅಂದು ಇನ್ನೊಂದು ಚಮಚಕ್ಕೆ ಬಾಯಿ ತೆರೆದಳು.

ಅಷ್ಟನ್ನೂ ಕುಡಿದಳು. ಬಟ್ಟಲು ಖಾಲಿಯಾದದ್ದನ್ನು ಬಹಳ ದಿನಗಳ ಮೇಲೆ ನೋಡಿದೆ. ಉಳಿದಿದ್ದ ತುಂಡನ್ನು ನನ್ನ ಕಡೆ ದೂಡಿ, "ಧೂಳು ಕುಡ್ಯೋನು ನೀನು. ನೀ ತಿನ್ನು" ಅಂದಳು. ತಿಂದೆ, ಅವಳ ಎದುರಿಗೇ.

ಮಾರನೆಯ ಬೆಳಿಗ್ಗೆ ಅವಳು ನನ್ನ ಹೆಂಡತಿಯನ್ನು ಕರೆದು ತನ್ನ ದಬ್ಬಣ ಕೊಟ್ಟಳು. "ಇನ್ನ ಮ್ಯಾಲೆ ಅಂಚು ನೀನೇ ಹೊಲಿಯವ್ವಾ. ಇವನು ಹೊಲಿದ್ರೆ ಸೊಟ್ಟ ಆಗ್ತೈತಿ." ನನ್ನ ಸುಳ್ಳನ್ನು ಅವಳು ಎಷ್ಟು ನಂಬಿದ್ದಳೆಂದು ಆಗ ತಿಳಿಯಿತು.

ಕೆಲವು ದಿನ ಬೆಲ್ಲದ ನೀರು ಇಳಿಯಿತು. ಆಮೇಲೆ ಅದೂ ತುಟಿಯ ಅಂಚಿನಿಂದ ಹೊರಗೆ ಬರತೊಡಗಿತು. ಅಕ್ಕನನ್ನು ಮಣ್ಣಿಗೊಯ್ಯುವ ಮುಂಚೆ ನಮ್ಮ ಪದ್ಧತಿಯಂತೆ ಮೈಗೆ ಇಡಬೇಕಾದ ಹತ್ತಿಯನ್ನು ಅಂಗಡಿಯಿಂದ ತರುತ್ತೇವೆಂದರು ನಮ್ಮವರು. ಬೇಡ ಅಂದೆ. ಬಿಲ್ಲನ್ನು ಅದೇ ತೊಲೆಗೆ ಇಳಿಬಿಟ್ಟು ನಾನೇ ಬಡಿದೆ. ಒಂದು ಗಂಟೂ ಉಳಿಯಲಿಲ್ಲ. ಆ ಸಂಜೆ ಗಂಟಲು ತುಂಬ ಧೂಳಿತ್ತು, ಬೆಲ್ಲ ತಿನ್ನಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬಿಲ್ಲು ಒಂದು, ಅದಕ್ಕೆ ನರದ ಹೆದೆ ಕಟ್ಟಿಲ್ಲ. ಅಕ್ಕನ ದಬ್ಬಣ ಒಂದು. ಅವಳು ಅಂಚು ಹೊಲಿದ ಗಾದಿ ಒಂದು, ಅದರ ಮೇಲೆ ಯಾರೂ ಮಲಗುವುದಿಲ್ಲ. ಸಕ್ಕರೆ ಕಾಯಿಲೆ, ಅದು ನನಗೂ ಬಂದಿದೆ. ಬೆಲ್ಲದ ಡಬ್ಬಿ ಒಂದು, ಖಾಲಿ.